2,650 ರೂಪಾಯಿಯ ಸೌಂಡ್ ಕಾರ್ಡ್: ನೂರಕ್ಕೆ ಎಪ್ಪತ್ತೆರಡು

ಅಪ್ಪನ ಕ್ಯಾಸೆಟ್‌ಗಳು ಒಟ್ಟು ನಲವತ್ತೇಳು. ಗೀಗೀ ಪದ ಹಾಡುವ ಮೇಳದಲ್ಲಿ ಅವರು ದಪ್ಪು ಎಂಬ ಚರ್ಮವಾದ್ಯ ಹಿಡಿದು ಮುಂದೆ ನಿಲ್ಲುವವರು. ಹಿಂದೆ ಇಬ್ಬರು, ಒಬ್ಬರ ಬಗಲಲ್ಲಿ ಒಂಟಿ ತಂತಿಯ ತುಂತುಣಿ, ಇನ್ನೊಬ್ಬರ ಕೈಯಲ್ಲಿ ತಾಳ. ಇಂಡಿ, ಚಡಚಣ, ಹಲಸಂಗಿ ಕಡೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ವಾದ (ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ನಡೆಯುವ ಸವಾಲು–ಜವಾಬು) ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಕೇಳಲು ಬಂದವರು ಯಾರೋ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡು, ಒಂದು ಪ್ರತಿಯನ್ನು ಅಪ್ಪನಿಗೂ ತಂದುಕೊಡುತ್ತಿದ್ದರು. ಟ್ರಂಕಿನಲ್ಲಿ ಮೂವತ್ತು–ನಲವತ್ತು ವರ್ಷ ಮಲಗಿದ್ದ ಅವುಗಳನ್ನು ಕಂಪ್ಯೂಟರಿಗೆ ಇಳಿಸಬೇಕೆಂದು ನಾನು ಕುಳಿತದ್ದು ನಿವೃತ್ತಿಯಾದ ಮೇಲೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಸಂಗೀತದ ಕಿವಿ ನನಗೆ ಅಪ್ಪನಿಂದ ಬರಲಿಲ್ಲ. ಅಳೆದು ನೋಡುವ ಚಟ ಎಲ್ಲಿಂದಲೋ ಬಂದಿದೆ. ಈ ವಿಮರ್ಶೆಯಲ್ಲಿ ಅಂಕಿಗಳು ಹೆಚ್ಚಾಗಿದ್ದರೆ ಅದೇ ಕಾರಣ.

ನಾನು ಕೊಂಡದ್ದು ಯುಎಸ್‌ಬಿಗೆ ಸಿಕ್ಕಿಸುವ ಸೌಂಡ್ ಕಾರ್ಡ್. ಅಂಗೈಯಗಲದ ಕೆಂಪು ಪ್ಲಾಸ್ಟಿಕ್ ಡಬ್ಬಿ, ಒಂದು ಬದಿಯಲ್ಲಿ ನಾಲ್ಕು ಆರ್‌ಸಿಎ ಜಾಕ್: ಎರಡು ಒಳಕ್ಕೆ, ಎರಡು ಹೊರಕ್ಕೆ. ಇನ್ನೊಂದು ಬದಿಯಲ್ಲಿ ಹೆಡ್‌ಫೋನಿಗೆ ಒಂದು ತೂತು ಮತ್ತು ಅದರ ಧ್ವನಿ ಹೆಚ್ಚುಕಡಿಮೆ ಮಾಡುವ ತಿರುಗಣೆ. 16 ಬಿಟ್, 48 ಕಿಲೋಹರ್ಟ್ಸ್. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥದೇ ಡಬ್ಬಿ ಬಣ್ಣ ಬದಲಿಸಿಕೊಂಡು ನಾಲ್ಕಾರು ಹೆಸರಿನಲ್ಲಿ ಮಾರಾಟವಾಗುತ್ತದೆ, ನನ್ನ ಮಾತು ಆ ಎಲ್ಲದಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ. ವಿಜಯಪುರದ ಗಾಂಧಿ ಚೌಕದಿಂದ ಸ್ಟೇಷನ್ ರಸ್ತೆಯವರೆಗೆ ಕೇಳಿದೆ, ಸಿಗಲಿಲ್ಲ. ಇದೊಂದಕ್ಕಾಗಿ ಸೊಲ್ಲಾಪುರಕ್ಕೆ ಹೋಗುವ ಮನಸ್ಸಾಗಲಿಲ್ಲ; ಆನ್‌ಲೈನಿನಲ್ಲಿ ತರಿಸಿದೆ.

ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಮನೆಯ ಡೆಸ್ಕ್‌ಟಾಪ್ ಬಿಡಿಭಾಗ ಕೊಂಡು ಜೋಡಿಸಿದ್ದು. ತಮ್ಮನ ಮಗ ಆಟಕ್ಕೆಂದು ಅದರಲ್ಲಿ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಸಿದ್ದಾನೆ. ಕ್ಯಾಸೆಟ್ ಡೆಕ್ಕಿನ ವೈರನ್ನು ಕ್ಯಾಬಿನೆಟ್ಟಿನ ಮುಂಭಾಗದ ಗುಲಾಬಿ ಜಾಕಿಗೆ ಸಿಕ್ಕಿಸಿ, "ಆಯಿತು ಅತ್ತೆ, ಇನ್ನು ರೆಕಾರ್ಡ್ ಒತ್ತಿ" ಎಂದು ಹೇಳಿ ಅವನು ಹೊರಟುಹೋದ. ಒತ್ತಿದೆ. ಟೇಪು ಓಡುವ ಮೊದಲೇ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು, ಹಿತ್ತಲಲ್ಲಿ ಬಾವಿಯ ಮೋಟಾರು ಓಡುತ್ತಿರುವ ಹಾಗೆ. ಅದರ ಮೇಲೆ ಸೊಳ್ಳೆಯಂಥ ಇನ್ನೊಂದು ಸಣ್ಣ ದನಿ. ಮೌಸ್ ಸರಿಸಿದರೆ ಸೊಳ್ಳೆ ಎದ್ದು ಹಾರುತ್ತದೆ, ಬಿಟ್ಟರೆ ಕೂರುತ್ತದೆ. ಹೊಸ ಕಿಟಕಿಯೊಂದನ್ನು ತೆರೆದರೆ ಕಿರ್ರ್ ಎಂದು ಎಳೆದು ನಿಲ್ಲುತ್ತದೆ. ಅಪ್ಪನ ದಪ್ಪು ಇವೆರಡರ ನಡುವೆ ಎಲ್ಲೋ.

ನನಗೆ ಕೂಡಲೇ ತಿಳಿಯದೆ ಹೋದದ್ದು ಇಷ್ಟು: ಇವು ಎರಡು ಬೇರೆ ಬೇರೆ ರೋಗ. ಒಂದೇ ಔಷಧ ಕೊಟ್ಟು ಎರಡೂ ಹೋಗಲಿ ಎಂದು ಕಾದು ನಾನು ಒಂದೂವರೆ ತಿಂಗಳು ಕಳೆದೆ.

ಸೊಳ್ಳೆಯ ಕಥೆ ಮೊದಲು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ನೋಡಿದೆ. ಮುಂಭಾಗದ ಜಾಕಿನಿಂದ ಹೊರಟ ತೆಳ್ಳಗಿನ ವೈರು ಗ್ರಾಫಿಕ್ಸ್ ಕಾರ್ಡಿನ ಮೈಗೆ ಒರಗಿಕೊಂಡು, ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಇಳಿದ ಹಳದಿ–ಕೆಂಪು ವೈರುಗಳ ಕಂತೆಯೊಳಗೆ ನುಸುಳಿ, ಮದರ್‌ಬೋರ್ಡಿನ ಕೆಳಗಿನ ಅಂಚನ್ನು ಹೇಗೋ ಮುಟ್ಟುತ್ತಿತ್ತು. ಕಂಪ್ಯೂಟರಿನೊಳಗೆ ಎಲ್ಲಕ್ಕಿಂತ ಹೆಚ್ಚು ಗದ್ದಲದ ಜಾಗಗಳನ್ನು ಹುಡುಕಿ ಹುಡುಕಿ ಹಾಯಿಸಿದಂತಿತ್ತು. ಪ್ರೊಸೆಸರ್ ಸುಮ್ಮನಿದ್ದಾಗ ಎಳೆಯುವ ಕರೆಂಟು ಕೆಲವೇ ಆಂಪಿಯರ್. ಕೆಲಸ ಬಿದ್ದ ಕ್ಷಣಕ್ಕೆ ಅದು ಹಲವು ಪಟ್ಟು ಏರುತ್ತದೆ, ಮರುಕ್ಷಣ ಇಳಿಯುತ್ತದೆ. ಆ ಕರೆಂಟು ತಿರುಗಿ ಹೋಗುವ ದಾರಿ ಬೋರ್ಡಿನ ಗ್ರೌಂಡ್. ದನಿಯನ್ನು ಅಂಕಿಗೆ ಬದಲಿಸುವ ಪುಟ್ಟ ಚಿಪ್ಪು ಅದೇ ಗ್ರೌಂಡನ್ನು ಸೊನ್ನೆ ಎಂದು ನಂಬಿ ಅಳೆಯುತ್ತಿರುತ್ತದೆ. ಸೊನ್ನೆಯೇ ನಡುಗಿದರೆ ಅಳತೆ ಏನಾಗಬೇಕು? ದುಬಾರಿ ಮದರ್‌ಬೋರ್ಡುಗಳಲ್ಲಿ ಧ್ವನಿಯ ಭಾಗವನ್ನು ಒಂದು ಗೆರೆ ಕೊರೆದು ಬೇರೆ ಮಾಡಿ, ಚಿಪ್ಪಿನ ಮೇಲೆ ತಗಡಿನ ಟೋಪಿ ಹಾಕಿರುತ್ತಾರೆ. ನಮ್ಮದು ಅಗ್ಗದ್ದು. ಗೆರೆಯೂ ಇಲ್ಲ, ಟೋಪಿಯೂ ಇಲ್ಲ.

ಎಷ್ಟು ನಡುಗಿದರೆ ಕೇಳಿಸುತ್ತದೆ ಎಂಬುದನ್ನು ಹಳೆಯ ಅಭ್ಯಾಸದಂತೆ ಕಾಗದದ ಮೇಲೆ ಮಾಡಿದೆ. ಮನೆಬಳಕೆಯ ಡೆಕ್ಕು, ಆಂಪ್ಲಿಫೈಯರುಗಳ ಲೈನ್ ಮಟ್ಟ, ಅಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಸದ್ದಿನ ವೋಲ್ಟೇಜು, ಸುಮಾರು 316 ಮಿಲಿವೋಲ್ಟ್. ಗ್ರೌಂಡ್ ಬರೀ ಒಂದು ಮಿಲಿವೋಲ್ಟ್ ಅಲುಗಿದರೆ 316ರಲ್ಲಿ ಒಂದು ಪಾಲು, ಲಾಗರಿದಮ್ ಹಾಕಿದರೆ ಮೈನಸ್ 50 ಡೆಸಿಬೆಲ್. ಸಾಧಾರಣ ಕ್ಯಾಸೆಟ್ಟಿನ ಸುಯ್ ಎಂಬ ಸದ್ದು ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ಆದರೆ ಸುಯ್ ಎಂಬುದು ಮಳೆಯ ಹಾಗೆ ಎಲ್ಲ ಕಡೆಗೂ ಹರಡಿದ ಸದ್ದು. ಕಿವಿ ಎರಡು ನಿಮಿಷದಲ್ಲಿ ಅದನ್ನು ಮರೆತುಬಿಡುತ್ತದೆ. ಸೊಳ್ಳೆಯದು ಒಂದೇ ಸ್ವರ. ಸುಯ್ಯಿಗಿಂತ ಕೆಳಗಿದ್ದರೂ ಅದು ಚುಚ್ಚಿಕೊಂಡು ಮೇಲೆ ಬರುತ್ತದೆ.

ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಡೆಕ್ಕು ನಿಲ್ಲಿಸಿಟ್ಟು ಒಂದು ನಿಮಿಷ ಮೌನವನ್ನೇ ರೆಕಾರ್ಡ್ ಮಾಡಿದೆ. ಮುಂದಿನ ಗುಲಾಬಿ ಜಾಕಿನಲ್ಲಿ ಮೈನಸ್ 47 ಡೆಸಿಬೆಲ್ (ಸೊನ್ನೆಯಿಂದ ಎಷ್ಟು ಕೆಳಗೋ ಅಷ್ಟು ಗದ್ದಲ ಕಡಿಮೆ). ಅದು ಮೈಕಿನ ಜಾಕು, ಸಣ್ಣ ಸದ್ದನ್ನು ಹಿಗ್ಗಿಸುವುದೇ ಅದರ ಕೆಲಸ. ಡೆಕ್ಕನ್ನು ಅಲ್ಲಿ ಸಿಕ್ಕಿಸಬಾರದು. ಹಿಂಭಾಗದ ನೀಲಿ ಜಾಕಿಗೆ ಬದಲಿಸಿದರೆ ಮೈನಸ್ 63. ಒಂದು ಪೈಸೆಯ ಖರ್ಚಿಲ್ಲದೆ ಹದಿನಾರು ಡೆಸಿಬೆಲ್ ಸಿಕ್ಕಿತು. ಇಷ್ಟಕ್ಕೇ ತೃಪ್ತರಾಗುವವರು ಇದ್ದರೆ ಮುಂದೆ ಓದುವ ಅಗತ್ಯವಿಲ್ಲ, ಡಬ್ಬಿಯನ್ನೂ ಕೊಳ್ಳಬೇಡಿ.

ನಾನು ತೃಪ್ತಳಾಗಲಿಲ್ಲ. ಕೆಂಪು ಡಬ್ಬಿ ಬಂತು. ಸಿಕ್ಕಿಸಿದ ತಕ್ಷಣ ಕಂಪ್ಯೂಟರ್ ಗುರುತು ಹಿಡಿಯಿತು, ಡ್ರೈವರ್ ಇತ್ಯಾದಿ ರಗಳೆ ಇಲ್ಲ. ಅದೇ ಮೌನದ ಪರೀಕ್ಷೆಯಲ್ಲಿ ಮೈನಸ್ 81. ಮೌಸನ್ನು ಗರಗರ ತಿರುಗಿಸಿದೆ, ನಾಲ್ಕು ವಿಡಿಯೊ ಒಟ್ಟಿಗೆ ತೆರೆದೆ, ಸೊಳ್ಳೆ ಏಳಲಿಲ್ಲ. ಈ ಒಂದು ಕೆಲಸಕ್ಕೆ ಡಬ್ಬಿ ಕೊಟ್ಟ ಹಣಕ್ಕೆ ಮೋಸ ಮಾಡಿಲ್ಲ. ಅಳೆಯುವ ಚಿಪ್ಪನ್ನು ಗದ್ದಲದ ಮನೆಯಿಂದ ಎತ್ತಿ ಹೊರಗೆ ಜಗಲಿಯ ಮೇಲೆ ಕೂರಿಸಿದ್ದರ ಫಲ ಅದು.

ಪೂರ್ತಿ ಹೊರಗೆ ಎನ್ನಲಾಗದು. ಡಬ್ಬಿ ಉಣ್ಣುವುದು ಕಂಪ್ಯೂಟರಿನ 5 ವೋಲ್ಟನ್ನೇ, ಗ್ರೌಂಡೂ ಅದೇ ವೈರಿನಲ್ಲಿ ಬರುತ್ತದೆ. ಮೌನದ ರೆಕಾರ್ಡಿಂಗಿನ ಸ್ಪೆಕ್ಟ್ರಮ್ ಚಿತ್ರ (ಯಾವ ಸ್ವರ ಎಷ್ಟಿದೆ ಎಂದು ತೋರಿಸುವ ನಕ್ಷೆ) ತೆಗೆದು ಹಿಗ್ಗಿಸಿ ನೋಡಿದರೆ ಸರಿಯಾಗಿ 1000 ಹರ್ಟ್ಸಿನಲ್ಲಿ ಒಂದು ಮುಳ್ಳು, 2000, 3000ದಲ್ಲಿ ಅದರ ಮರಿಗಳು. ಇಂಥ ಡಬ್ಬಿಗಳೊಂದಿಗೆ ಕಂಪ್ಯೂಟರ್ ಮಿಲಿಸೆಕೆಂಡಿಗೆ ಒಂದು ಸಲ ಮಾತಾಡುತ್ತದೆ. ಸೆಕೆಂಡಿಗೆ ಸಾವಿರ ಸಲ ಬಾಗಿಲು ಬಡಿದರೆ ಅದು ಸಾವಿರ ಹರ್ಟ್ಸಿನ ಸ್ವರವೇ ತಾನೇ. ಮುಂಭಾಗದ ಯುಎಸ್‌ಬಿ ತೂತಿನಲ್ಲಿ ಮುಳ್ಳು ಎದ್ದು ಕಂಡಿತು; ಹಿಂಭಾಗದಲ್ಲಿ, ಮೌಸ್–ಕೀಬೋರ್ಡಿನಿಂದ ದೂರದ ತೂತಿಗೆ ಬದಲಿಸಿದಾಗ ಟೇಪಿನ ಸುಯ್ಯಿನಲ್ಲಿ ಮುಳುಗಿಹೋಯಿತು. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಏರಿಸಿದರೆ ಮಾತ್ರ ಗೊತ್ತಾಗುತ್ತದೆ. ವೈರಿಗೆ ಕಚ್ಚಿಸುವ ಕಪ್ಪು ಫೆರೈಟ್ ಗುಂಡುಗಳನ್ನೂ ನೂರಿಪ್ಪತ್ತು ರೂಪಾಯಿಗೆ ತರಿಸಿ ಹಾಕಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಅವು ಮೆಗಾಹರ್ಟ್ಸಿನ ಸದ್ದನ್ನು ತಡೆಯುವ ವಸ್ತು. ತಪ್ಪು ಗುಂಡಿನದಲ್ಲ, ನನ್ನದು.

ಆದರೆ ಗುಂಯ್ ಹೋಗಲಿಲ್ಲ. ಡಬ್ಬಿಯ ಹೊರಜಾಕಿನಿಂದ ನಮ್ಮ ಹಳೆಯ ಆಂಪ್ಲಿಫೈಯರಿಗೆ ವೈರು ಕೊಟ್ಟ ಕ್ಷಣ ಸ್ಪೀಕರಿನಲ್ಲಿ ಬಾವಿಯ ಮೋಟಾರು ಶುರು. ಸಿಟ್ಟು ಬಂದು ಡಬ್ಬಿಯನ್ನು ವಾಪಸು ಕಳಿಸುವ ಅರ್ಜಿಯನ್ನೂ ತುಂಬಿದ್ದೆ. ಕಳಿಸುವ ಮುಂಚೆ ಒಮ್ಮೆ ಡಬ್ಬಿಗೇ ಹೆಡ್‌ಫೋನ್ ಸಿಕ್ಕಿಸಿ, ಆಂಪ್ಲಿಫೈಯರಿನ ವೈರು ಕಿತ್ತು ಕೇಳಿದೆ. ಸೊಲ್ಲಿಲ್ಲ. ವೈರು ಹಾಕಿದರೆ ಗುಂಯ್, ಕಿತ್ತರೆ ಮೌನ. ಅಂದರೆ ಡಬ್ಬಿಗೂ ಗುಂಯ್‌ಗೂ ಸಂಬಂಧವಿಲ್ಲ, ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ನಡುವೆ ಏನೋ ಹರಿಯುತ್ತಿದೆ.

ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕಾವರೇ, ಆಂಪ್ಲಿಫೈಯರಿನ ಪ್ಲಗ್ಗಿನ ದಪ್ಪ ಪಿನ್ನು ಇದೆಯಲ್ಲ, ಅದನ್ನು ಮುರಿದುಬಿಡಿ, ಗುಂಯ್ ನಿಲ್ಲುತ್ತದೆ" ಎಂದ. ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಅದು ಅರ್ತಿಂಗಿನ ಪಿನ್ನು. ಒಳಗೆ ಎಂದಾದರೂ ವೈರು ಕಳಚಿ ತಗಡಿಗೆ ತಾಗಿದರೆ ಮುಟ್ಟಿದವರೂ ನಿಲ್ಲುತ್ತಾರೆ. "ತಮ್ಮಾ, ಇದನ್ನು ನನಗೆ ಹೇಳಿದೆ, ಇನ್ನು ಯಾರಿಗೂ ಹೇಳಬೇಡ" ಎಂದು ಫೋನಿಟ್ಟೆ.

ಆ ಸಿಟ್ಟಿನಲ್ಲಿಯೇ ನೆನಪಾಯಿತು: ಬರಿಗಾಲಲ್ಲಿ ನಿಂತು ಕಂಪ್ಯೂಟರಿನ ತಗಡಿಗೆ ಮೊಣಕೈ ತಾಗಿದರೆ ಜುಮ್ಮೆನ್ನುತ್ತಿತ್ತು. ವರ್ಷಗಳಿಂದ ಹಾಗೇ ಇತ್ತು, ಮನೆಯವರೆಲ್ಲ ಚಪ್ಪಲಿ ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಿದ್ದರು. ಟೆಸ್ಟರ್ ಹಿಡಿದೆ, ಮಂದವಾಗಿ ಹೊತ್ತಿತು. ವೈರಿಂಗ್ ಮಾಡುವ ಕಾಕಾ ಬಂದು ಮಲ್ಟಿಮೀಟರ್ ಇಟ್ಟಾಗ ತಗಡಿಗೂ ಅರ್ತಿಂಗಿಗೂ ನಡುವೆ 112 ವೋಲ್ಟ್. "ನೋಡಿ ಅಕ್ಕಾವರೇ, ಮೇಲಿನ ಕೋಣೆಯ ಸಾಕೆಟ್ಟಿನಲ್ಲಿ ಅರ್ತಿಂಗಿನ ತೂತು ಇದೆ, ಹಿಂದೆ ವೈರೇ ಇಲ್ಲ" ಎಂದು ಸಾಕೆಟ್ಟು ಬಿಚ್ಚಿ ತೋರಿಸಿದರು. ಮನೆ ಕಟ್ಟಿದಾಗ ಮೇಲಿನ ಮಹಡಿಗೆ ಹಸಿರು ವೈರು ಎಳೆಯುವುದನ್ನೇ ಯಾರೋ ಮರೆತಿದ್ದಾರೆ, ಅಥವಾ ಉಳಿಸಿದ್ದಾರೆ.

112 ಎಂಬ ಅಂಕಿ ನನಗೆ ಇಷ್ಟವಾಯಿತು. 230ರ ಅರ್ಧಕ್ಕೆ ಹತ್ತಿರ. ಎಸ್‌ಎಂಪಿಎಸ್ ತನ್ನ ಗದ್ದಲ ಹೊರಗೆ ಹೋಗದಿರಲೆಂದು ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಸಣ್ಣ ಕೆಪಾಸಿಟರನ್ನು ತಗಡಿಗೆ ಕಟ್ಟಿರುತ್ತದೆ. ಅರ್ತಿಂಗ್ ಇದ್ದರೆ ಅವುಗಳಿಂದ ಸೋರುವ ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ತಗಡು ಎರಡರ ನಡುವೆ, ಅರ್ಧ ವೋಲ್ಟೇಜಿನಲ್ಲಿ ತೇಲುತ್ತದೆ. ನಮ್ಮ ಆಂಪ್ಲಿಫೈಯರಿಗೆ ಪಕ್ಕದ ಕೋಣೆಯಿಂದ, ಅರ್ತಿಂಗ್ ಸರಿಯಿದ್ದ ಬೇರೆ ಲೈನಿನಿಂದ ಎಕ್ಸ್‌ಟೆನ್ಷನ್ ಎಳೆದಿದ್ದೆವು. ಸೋರುವ ಕರೆಂಟಿಗೆ ನೆಲ ಸೇರಲು ಸಿಕ್ಕ ಒಂದೇ ದಾರಿ ನನ್ನ ಆಡಿಯೊ ವೈರಿನ ಹೊರಕವಚ. ಅರ್ಧ ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ, ಕಿಲುಬು ಹಿಡಿದ ಜಾಕಿನ ತಡೆ ಎರಡು ಓಮ್ ಎಂದಿಟ್ಟುಕೊಳ್ಳಿ. ಒಂದು ಮಿಲಿವೋಲ್ಟ್. ಮತ್ತೆ ಅದೇ ಮೈನಸ್ 50. 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ವಿದ್ಯುತ್ ಕಂಪನಿಯೇ ಕುಳಿತು ಶ್ರುತಿ ಹಿಡಿದಂತೆ.

ಕಾಕಾ ಬರುವುದಕ್ಕೆ ಒಂಬತ್ತು ದಿನ ತಡವಾದ್ದರಿಂದ, ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ 350 ರೂಪಾಯಿಯ ಇನ್ನೊಂದು ವಸ್ತುವನ್ನೂ ತರಿಸಿದ್ದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಸದ್ದು ದಾಟುತ್ತದೆ, ತಾಮ್ರದ ದಾರಿ ಕಡಿಯುತ್ತದೆ. ಗುಂಯ್ ಪೂರ್ತಿ ನಿಂತಿತು. ಜೊತೆಗೆ ದಪ್ಪುವಿನ ಹೊಟ್ಟೆಯೂ ಹೋಯಿತು. ಅಪ್ಪ ಪದದ ಕೊನೆಗೆ ಅಂಗೈಯಿಂದ ಒಂದು ದುಮ್ ಕೊಡುತ್ತಿದ್ದರು. ಅದು ಯಾರೋ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ಕೇಳಿತು. ಅಷ್ಟು ಸಣ್ಣ ಕಬ್ಬಿಣದ ತಿರುಳು ತಗ್ಗಿನ ಸ್ವರಗಳನ್ನು ಹೊರಲಾರದು. ಅದೀಗ ಡ್ರಾಯರಿನಲ್ಲಿದೆ, ಬೇಕಾದವರು ಒಯ್ಯಬಹುದು.

ಕೊನೆಗೆ ಕೆಲಸಕ್ಕೆ ಬಂದದ್ದು ಹಸಿರು ವೈರು. ಕೆಳಗಿನ ಬೋರ್ಡಿನಿಂದ ಮೇಲಕ್ಕೆ ಎಳೆಸಿದೆವು. ಕಂಪ್ಯೂಟರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆವು. ಅಂಗಳದ ಅರ್ತಿಂಗ್ ಗುಂಡಿಯನ್ನೂ ಕಾಕಾ ನೋಡಿದರು. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಚಪ್ಪಲಿಯನ್ನೇ ಬಿಡದ ಮಣ್ಣು, ಮೇ ತಿಂಗಳಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಪೈಪಿಗೂ ಮಣ್ಣಿಗೂ ನಡುವೆ ಗಾಳಿ. ಎರಡು ಚೀಲ ಇದ್ದಿಲು, ಒಂದು ಚೀಲ ಹರಳುಪ್ಪು, ನಾಲ್ಕು ಕೊಡ ನೀರು ಹಾಕಿದರು. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ಹಾಕುತ್ತಿರಿ ಎಂದು ಹೇಳಿದ್ದಾರೆ. ತುಳಸಿಗೆ ನೀರು ಹಾಕಿದ ಮೇಲೆ ಈಗ ಅದಕ್ಕೂ ಹಾಕುತ್ತೇನೆ. ಒಟ್ಟು ಖರ್ಚು 1,900. ತಗಡು ಮುಟ್ಟಿದರೆ ಜುಮ್ ಇಲ್ಲ, ಸ್ಪೀಕರಿನಲ್ಲಿ ಗುಂಯ್ ಇಲ್ಲ. ವಾಪಸಿನ ಅರ್ಜಿಯನ್ನು ರದ್ದು ಮಾಡಿದೆ.

ಡಬ್ಬಿಯ ದೋಷಗಳಿಗೆ ಬರೋಣ. ದೊಡ್ಡದು ಮೊಬೈಲ್. ನಮ್ಮ ಯಜಮಾನರು ಇನ್ನೂ ಹಳೆಯ ಕೀಪ್ಯಾಡ್ ಫೋನು ಬಿಟ್ಟಿಲ್ಲ. ಅದು ಮೇಜಿನ ಮೇಲಿದ್ದರೆ, ರಿಂಗಾಗುವ ಎರಡು ಕ್ಷಣ ಮುಂಚೆ ರೆಕಾರ್ಡಿಂಗಿನಲ್ಲಿ ಟಿಟ್ಟಿಟಿ ಟಿಟ್ಟಿಟಿ ಎಂಬ ಸದ್ದು ಬೀಳುತ್ತದೆ. ಆ ಜಾತಿಯ ಫೋನು ಸೆಕೆಂಡಿಗೆ ಸುಮಾರು 217 ಸಲ ಅಲೆಯನ್ನು ಹೊತ್ತಿಸಿ ಆರಿಸುತ್ತದೆ, ಕೇಳುವುದು ಅದೇ. ಹಿಂದಿನ ನೀಲಿ ಜಾಕಿನಲ್ಲಿ ಇದು ಇಷ್ಟು ಇರಲಿಲ್ಲ. ಉಕ್ಕಿನ ಕ್ಯಾಬಿನೆಟ್ಟು ಒಳಗೆ ಎಷ್ಟೇ ಗದ್ದಲದ್ದಾದರೂ ಹೊರಗಿನದನ್ನು ತಡೆಯುತ್ತಿತ್ತು. ಜಗಲಿಯ ಮೇಲೆ ಕೂತ ಪ್ಲಾಸ್ಟಿಕ್ ಡಬ್ಬಿಗೆ ಆ ಮರೆ ಇಲ್ಲ. ಒಂದು ಒಳ್ಳೆಯ ಸವಾಲು–ಜವಾಬಿನ ನಡುವೆ ಎಲ್‌ಐಸಿ ಕಂತಿನ ಫೋನು ಬಂದು ಇಡೀ ಬದಿಯನ್ನು ಮತ್ತೆ ಇಳಿಸಬೇಕಾಯಿತು. ಹೊಸ 4ಜಿ ಫೋನಿನಿಂದ ಆ ತೊಂದರೆ ಕಾಣಲಿಲ್ಲ. ಹಳೆಯ ಸುತ್ತುವ ಡಿಮ್ಮರ್ ಮಾದರಿಯ ಫ್ಯಾನ್ ರೆಗ್ಯುಲೇಟರೂ ಝರ್ ಎನ್ನುತ್ತದೆ; ಪೂರ್ತಿ ಏರಿಸಿದರೆ ಕಡಿಮೆ. ವಿಜಯಪುರದ ಮೇ ತಿಂಗಳಲ್ಲಿ ಫ್ಯಾನು ಆರಿಸಿ ರೆಕಾರ್ಡ್ ಮಾಡಿ ಎನ್ನುವವರು ಬಂದು ಒಂದು ಮಧ್ಯಾಹ್ನ ನಮ್ಮ ಮೇಲಿನ ಕೋಣೆಯಲ್ಲಿ ಕೂರಲಿ. ನಾನು ಬೆಳಿಗ್ಗೆ ಐದಕ್ಕೆ ಎದ್ದು ಕೆಲಸ ಮುಗಿಸುತ್ತೇನೆ.

ಅಂಕಗಳು: ಮರೆ ಇಲ್ಲದ ಡಬ್ಬಿಗೆ ಹತ್ತು, ಸಾವಿರ ಹರ್ಟ್ಸಿನ ಮುಳ್ಳಿಗೆ ಎಂಟು, ಬಿಚ್ಚಲು ಬಾರದ ಗಿಡ್ಡ ಯುಎಸ್‌ಬಿ ವೈರಿಗೆ ಐದು, ಮೂರನೆಯ ವಾರದಲ್ಲೇ ಕರಕರ ಎಂದ ತಿರುಗಣೆಗೆ ಐದು ಕಳೆದು, ನೂರಕ್ಕೆ 72. ಪ್ರಥಮ ದರ್ಜೆಯೇ.

ಹದಿನಾರನೆಯ ಕ್ಯಾಸೆಟ್ಟಿನಲ್ಲಿ ಮತ್ತೆ ಗುಂಯ್ ಕೇಳಿಸಿತು. ಎದೆ ಧಸಕ್ಕೆಂದಿತು, ಅಂಗಳಕ್ಕೆ ಇಳಿದು ಗುಂಡಿಗೆ ಇನ್ನೊಂದು ಕೊಡ ನೀರು ಹಾಕಿ ಬಂದೆ. ಆಮೇಲೆ ಡೆಕ್ಕು ನಿಲ್ಲಿಸಿದರೆ ಗುಂಯ್ಯೂ ನಿಂತಿತು. ಅದು ಟೇಪಿನಲ್ಲೇ ಇದ್ದದ್ದು, ಜಾತ್ರೆಯ ಮೈಕ್ ಸೆಟ್ಟಿನ ಗುಂಯ್. ರಟ್ಟಿನ ಮೇಲೆ ಅಪ್ಪನ ಅಕ್ಷರದಲ್ಲಿ "1986" ಎಂದಷ್ಟೇ ಇದೆ. 50 ಹರ್ಟ್ಸನ್ನು ಕತ್ತರಿಸೋಣ ಎಂದು ಸ್ಪೆಕ್ಟ್ರಮ್ ತೆಗೆದರೆ ಮುಳ್ಳು ಎದ್ದದ್ದು 52ರಲ್ಲಿ. ಇಲ್ಲಿಯವರೆಗೆ ಇಳಿಸಿದ ಹದಿನೈದರಲ್ಲೂ ಅಪ್ಪನ ದನಿ ಒಂದಿಷ್ಟು ತೆಳ್ಳಗೆ, ಅವಸರದ್ದಾಗಿ ಕೇಳುತ್ತಿತ್ತು. ವಯಸ್ಸು ಚಿಕ್ಕದಿತ್ತಲ್ಲ ಎಂದುಕೊಂಡಿದ್ದೆ. ನಮ್ಮ ಡೆಕ್ಕೇ ಜೋರಾಗಿ ಓಡುತ್ತಿದೆ. 52ನ್ನು 50ಕ್ಕೆ ತರಬೇಕಾದರೆ ವೇಗವನ್ನು ನೂರಕ್ಕೆ 3.85ರಷ್ಟು ಇಳಿಸಬೇಕು. ಆ ಕಾಲದಲ್ಲಿ ಕರೆಂಟು ಕೂಡ ಗೆರೆ ಎಳೆದಂತೆ 50ರಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಈ ಲೆಕ್ಕವನ್ನು ಪೂರ್ತಿ ನಂಬಲಾಗದು. ಅದಕ್ಕೆ ಅಪ್ಪನ ಜೊತೆ ತುಂತುಣಿ ಬಾರಿಸುತ್ತಿದ್ದ ಕಾಕಾನನ್ನು ಇಂಡಿಯಿಂದ ಕರೆಸಿದೆ. ಎಂಬತ್ತೊಂದು ವರ್ಷ, ಒಂದು ಕಿವಿ ಮಂದ. ವೇಗವನ್ನು ನೂರಕ್ಕೆ ಎರಡು, ಮೂರು, ನಾಲ್ಕು, ಐದು ಎಂದು ಇಳಿಸುತ್ತಾ ಕೇಳಿಸಿದೆ. ನಾಲ್ಕರಲ್ಲಿ ಕೈಯೆತ್ತಿ, "ಇದು ನಿಮ್ಮಪ್ಪ. ಐದರಲ್ಲಿ ಅವನಿಗೆ ನಿದ್ದೆ ಬಂದಿದೆ" ಎಂದರು.

ಹದಿನೈದರ ವೇಗವನ್ನೂ ನೂರಕ್ಕೆ ನಾಲ್ಕರಷ್ಟು ತಗ್ಗಿಸಿ ಮತ್ತೆ ಉಳಿಸಿಟ್ಟಿದ್ದೇನೆ. ಹದಿನಾರನೆಯದರ ಗುಂಯ್ ಕತ್ತರಿಸಲಿಲ್ಲ. ಇನ್ನು ಮೂವತ್ತೊಂದು ಬಾಕಿ ಇವೆ.